ದಕ್ಷಿಣಕ್ಕೆ ಮುಖ ಮಾಡಿದ ಹಜಾರ

ಮನೆ ಬದಲಿಸುವ ಗಡಿಬಿಡಿಯಲ್ಲಿ ಹಳೆಯ ಚೀಲವೊಂದರಿಂದ ಹಿತ್ತಾಳೆಯ ಕಿಟಕಿ ಚಿಲಕ ಕೈಗೆ ಸಿಕ್ಕಿತು. ಅಂಗೈಗೆ ಹತ್ತಿದ ಕಿಲುಬಿನ ವಾಸನೆಗೆ ಮೇಷ್ಟ್ರು ನೆನಪಾದರು...

ಮೈಸೂರಿನವರು, ನೈರೋಬಿಯಲ್ಲಿ ಆರ್ಕಿಟೆಕ್ಚರ್ ಕಲಿಸಿ ನಿವೃತ್ತರಾಗಿದ್ದರು. ಆ ಊರಿನ ಪಂಗಾನಿ ಬಡಾವಣೆಯ ಹಳೆಯ ಮನೆಯೊಂದರ ಮುಂಭಾಗದಲ್ಲಿ ಅವರು, ಹಿಂಭಾಗದಲ್ಲಿ ನಾನು ಬಾಡಿಗೆಗಿದ್ದೆವು. ಇಂಗ್ಲೆಂಡಿನಲ್ಲಿ ಇನ್ನೂರು ವರ್ಷಗಳ ಹಿಂದೆ ಕಟ್ಟಿದ ವಿಲ್ಲಾ ಒಂದರ ಪಡಿಯಚ್ಚು ಆ ಮನೆ. ಬಿಳಿ ಗಾರೆಯ ಗೋಡೆ, ಬಸುರಿಯ ಹೊಟ್ಟೆಯಂತೆ ಮುಂದಕ್ಕೆ ಉಬ್ಬಿದ ಹಜಾರ, ಅದಕ್ಕೆ ನೆಲದವರೆಗೂ ಇಳಿದ ಕಿಟಕಿಗಳು. ಇಂಗ್ಲೆಂಡಿನಲ್ಲಿ ಬಿಸಿಲು ದಕ್ಷಿಣದಿಂದ ಬರುತ್ತದೆಂದು ಅಲ್ಲಿನ ಹಜಾರವೂ ದಕ್ಷಿಣಕ್ಕಿತ್ತು. ಯಾರೋ ಬ್ರಿಟಿಷ್ ದೊರೆ ನೈರೋಬಿಯಲ್ಲೂ ಹಾಗೇ ಕಟ್ಟಿಸಿಬಿಟ್ಟಿದ್ದ. ಇಲ್ಲಿನ ಜುಲೈ ಚಳಿಯಲ್ಲಿ ಸೂರ್ಯ ಇರುವುದು ಉತ್ತರಕ್ಕೆ! ಪಾಪ, ಮೇಷ್ಟ್ರು ಸ್ವೆಟರ್ ತೊಟ್ಟು, ಉತ್ತರಕ್ಕಿದ್ದ ನನ್ನ ಅಡುಗೆಮನೆಯ ಮೆಟ್ಟಿಲಿಗೆ ಬಿಸಿಲು ಕಾಯಿಸಲು ಬರುತ್ತಿದ್ದರು.

"ದೊರೆ ಪ್ಲಾನ್ ತಂದ, ಸೂರ್ಯನ್ನ ತರೋದು ಮರ್ತ ನೋಡಮ್ಮ," ಎಂದು ನಗುತ್ತಿದ್ದರು. ಹಾಗೆ ಆಡಿಕೊಳ್ಳುತ್ತಲೇ ಆ ಮನೆಯ ಮೇಲೆ ಪ್ರಾಣ ಇಟ್ಟುಕೊಂಡಿದ್ದರು.

ಓನರ್ ಅದನ್ನು ಬಿಲ್ಡರಿಗೆ ಮಾರಿದಾಗ, ಉಳಿಸಿಕೊಡಿ ಎಂದು ಮೇಷ್ಟ್ರು ಕಚೇರಿಯಿಂದ ಕಚೇರಿಗೆ ಅಲೆದರು. ಜೊತೆಗೆ ನಾನೂ ಹೋದೆ. ಹಳೆಯ ಕಟ್ಟಡಗಳನ್ನು ನೋಡಿಕೊಳ್ಳುವ ಅಧಿಕಾರಿ ಒಳ್ಳೆಯವನೇ, ಕಟ್ಟಡ ಒರಿಜಿನಲ್ಲೇ ಎಂದು ಕೇಳಿದ. ಮೇಷ್ಟ್ರು ಹೂಂ ಅನ್ನಲಿ ದೇವರೇ ಎಂದು ನಾನು ಒಳಗೇ ಬೇಡಿಕೊಂಡೆ. ಅಲ್ಲ, ನಕಲು, ಅದೂ ತಪ್ಪು ನಕಲು, ಆ ತಪ್ಪೇ ಈ ಊರಿನ ಚರಿತ್ರೆ, ಅದಕ್ಕೇ ಉಳಿಸಬೇಕು ಎಂದರು ಮೇಷ್ಟ್ರು. ಅವನು ಫೈಲ್ ಮುಚ್ಚಿದ.

"ಒಂದು ಸುಳ್ಳು ಹೇಳಿದ್ರೆ ಏನಾಗ್ತಿತ್ತು ಮೇಷ್ಟ್ರೇ?"

"ಅಷ್ಟು ವರ್ಷ ಸ್ಟೂಡೆಂಟ್ಸ್‌ಗೆ ಈ ಮನೆ ಕಾಪಿ ಅಂತಾನೇ ಪಾಠ ಮಾಡಿದೀನಲ್ಲಮ್ಮ..."

ಜುಲೈನಲ್ಲೇ ಕೆಡವಿದರು. ರಸ್ತೆಯಾಚೆ ನಿಂತು ನೋಡುವುದು ಬಿಟ್ಟರೆ ನಮ್ಮ ಕೈಯಲ್ಲಿ ಏನೂ ಇರಲಿಲ್ಲ. ಯಂತ್ರ ಹಿಂದಿನಿಂದ ಶುರು ಮಾಡಿತು. ನನ್ನ ಅಡುಗೆಮನೆ ಹೋಯಿತು, ಆಮೇಲೆ ನಡುಗೋಡೆ. ಧೂಳು ಇಳಿದಾಗ ಹಜಾರದ ತುಂಬ ಬಿಸಿಲು, ಕಿಟಕಿಗಳೆಲ್ಲ ಬೆಳಗಿದವು. ಮೇಷ್ಟ್ರು ನನ್ನ ತೋಳು ಹಿಡಿದರು.

"ಬಂತು ನೋಡಮ್ಮ, ಬಿಸಿಲು..."

ಹಲ್ಲಿಲ್ಲದಾಗ ಕಡಲೆ ಕೊಟ್ಟ ದೇವರ ಮೇಲೆ ನನಗೆ ಸಿಟ್ಟು ಬಂತು. ಕೆಲಸದವನೊಬ್ಬ ಕಿಟಕಿಯ ಚಿಲಕವೊಂದನ್ನು ತಂದುಕೊಟ್ಟಾಗ ಮೇಷ್ಟ್ರು ಅವನಿಗೆ ಸ್ವಾಹಿಲಿಯಲ್ಲಿ "ಅಸಾಂಟೆ" ಎಂದು ಧನ್ಯವಾದ ಹೇಳಿ ಕೈಮುಗಿದು, ಅದನ್ನು ನನಗೇ ಕೊಟ್ಟು ನಡೆದರು.

ಮುಂದಿನ ಚಳಿಗಾಲದ ಹೊತ್ತಿಗೆ ಮೇಷ್ಟ್ರು ಇರಲಿಲ್ಲ.

ಈ ಹೊಸ ಫ್ಲ್ಯಾಟಿನ ಅಲ್ಯುಮಿನಿಯಂ ಕಿಟಕಿಗೆ ಆ ಚಿಲಕ ಹೊಂದುವುದಿಲ್ಲ. ಸುಮ್ಮನೆ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟಿದ್ದೇನೆ. ಕಿಟಕಿ ಉತ್ತರಕ್ಕಿದೆ, ಇದು ಜುಲೈ, ಬಿಸಿಲು ಬೇಕಾದಷ್ಟಿದೆ. ಬಂದು ಕೂರುವವರಿಲ್ಲ.