ಮೂಡಲಗಿಯ ಎರೆ, ಹಿತ್ತಲಿನ ಕೆಂಪು

ಕಾರಿನ ತುಂಬ ಹಸಿಮಣ್ಣಿನ ವಾಸನೆ. ಹೆಂಡತಿ ಮೂಗು ಮುಚ್ಚಿಕೊಂಡಳು. ನನಗೋ ಅದು ಅತ್ತರು. ಮಣ್ಣೆತ್ತಿನ ಅಮಾವಾಸ್ಯೆಗೆಂದು ಚಿಕ್ಕಪ್ಪನ ಹೆಂಡತಿ ಗಂಗವ್ವ ಕಾಕುವಿನ ತವರು ಮೂಡಲಗಿಯಿಂದ ಒಂದು ಚೀಲ ಕರಿ ಎರೆಮಣ್ಣು ತುಂಬಿಸಿಕೊಂಡು ನಮ್ಮೂರು ಯಮಕನಮರಡಿಗೆ ಹೊರಟಿದ್ದೆ. ಗೋಕಾಕದಲ್ಲಿ ಚಹಾಕ್ಕೆ ನಿಂತಾಗ ಡಿಕ್ಕಿ ತೆರೆದು ಮತ್ತೊಮ್ಮೆ ಮುಟ್ಟಿ ನೋಡಿದೆ.

ಮಣ್ಣಿನ ಮಾತು ಬಂದರೆ ನನ್ನನ್ನು ತಡೆಯುವವರಿಲ್ಲ, ನೀವೂ ಸ್ವಲ್ಪ ಸಹಿಸಿಕೊಳ್ಳಿ. ಗುಂಡಿ ತೋಡಿಸಿ, ಮಣ್ಣಿನ ಬಣ್ಣ ನೋಡಿ, ಹಸಿಮಾಡಿ ಬೆರಳಲ್ಲಿ ಹೊಸೆದು, ಅದರ ವರ್ಗ ಹೇಳುವುದೇ ನನ್ನ ನೌಕರಿಯಾಗಿತ್ತು. ಹುಕ್ಕೇರಿ ಸೀಮೆಯ ನಮ್ಮೂರಿನದು ಕಡುಗೆಂಪು ಜೇಡಿ. ಮೇಲೆ ಸಡಿಲ, ಕೆಳಗೆ ಹೋದಂತೆ ಜೇಡಿ ಹೆಚ್ಚುತ್ತದೆ, ಹೆಂಟೆ ಒಡೆದರೆ ಒಳಮೈ ಮೇಣ ಸವರಿದಂತೆ ಮಿನುಗುತ್ತದೆ. ಒಣಗಿದರೆ ಕಲ್ಲು, ಆದರೆ ಎರೆಯ ಹಾಗೆ ಬಿರುಕು ಬಿಡುವುದಿಲ್ಲ. ಹೆಣ್ಣು ನೋಡಲು ಹೋದಾಗಲೂ ನಾನು ಅಂಗಳದ ಮಣ್ಣನ್ನೇ ನೋಡುತ್ತಿದ್ದೆನೆಂದು ಹೆಂಡತಿ ಇಂದಿಗೂ ಹಂಗಿಸುತ್ತಾಳೆ.

ಕಾಕಾನ ಕೈಹಿಡಿದು ಬಂದ ಹೊಸದರಲ್ಲಿ ಕಾಕುವಿಗೆ ಈ ಕೆಂಪು ಆಗಿಬರಲಿಲ್ಲ. ಸೀರೆಯಂಚಿನ ಕಲೆ ತೊಳೆದರೂ ಹೋಗುವುದಿಲ್ಲವೆಂದು ಗೊಣಗುವಳು. ಈಕೆ ಇಲ್ಲಿ ನಿಲ್ಲುವಳೋ ಇಲ್ಲವೋ ಎಂಬ ಅಳುಕು ಮನೆಯವರಿಗೆಲ್ಲ. ಆ ವರ್ಷದ ಅಮಾವಾಸ್ಯೆಗೆ, 'ನಮ್ಮ ಮಣ್ಣೇ ಆಗಬೇಕು' ಎಂದು ಹಠ ಹಿಡಿದು ತವರಿನ ಎರೆ ತರಿಸಿ ಎತ್ತು ಮಾಡಿದಳು. ಚೆಂದದ ಎತ್ತುಗಳು. ಬಿಸಿಲಿಗೆ ಒಣಗುತ್ತಲೇ ಬೆನ್ನು ಬಿರಿದವು, ಒಂದರ ಕಾಲು ಕಳಚಿತು. ಕಾಕು ಒಲೆಯ ಮುಂದೆ ಕೂತು ಅತ್ತಳು. ನಾಳೆಯೇ ತವರಿಗೆ ಹೋಗುತ್ತೇನೆ, ತಿರುಗಿ ಬರುವುದಿಲ್ಲ ಎಂದಳು.

ಅಜ್ಜಿ ಗದರುತ್ತಾಳೆ ಎಂದುಕೊಂಡೆವು. ಅವಳು ಹಿತ್ತಲಿನ ಕೆಂಪು ಜೇಡಿ ತಂದು ನಾದಿ, ಬಿರುಕಿಗೆಲ್ಲ ಮೆತ್ತಿ, ಕಾಲು ಕೂಡಿಸಿದಳು. ಕರಿ ಎತ್ತಿನ ಮೈಮೇಲೆ ಕೆಂಪು ಗೆರೆಗಳು.

"ಎತ್ತ ನಿನ್ನವು. ಪೂಜೀನೂ ನೀನ ಮಾಡಬೇಕು," ಎಂದಳು ಸೊಸೆಗೆ.

ಕಾಕು ಎದ್ದು ಕೈಕಾಲು ತೊಳೆದಳು. ಮರುದಿನ ಗಂಟು ಕಟ್ಟಲಿಲ್ಲ.

ಇಷ್ಟು ವರ್ಷದ ಮೇಲೆ ತವರಿನ ಮಣ್ಣು ಕಂಡರೆ ಹಿಗ್ಗುತ್ತಾಳೆಂದು ನನ್ನ ಅಂದಾಜು. ಮನೆ ಮುಟ್ಟಿ ಚೀಲ ಬಿಚ್ಚಿದಾಗ ಹಿಗ್ಗಿದಳು ಕೂಡ. ಹಿಡಿ ಎರೆ ತೆಗೆದು ಮೂಸಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. ಚೀಲವನ್ನು ಹೂವಿನ ಕುಂಡಗಳ ಬಾಜೂ ಇಡಲು ಹೇಳಿ, ನನ್ನ ಕೈಗೆ ಬುಟ್ಟಿ ಕೊಟ್ಟಳು.

"ಮೂಡಲಗಿ ಮಣ್ಣ ಚಲೋನ ಐತಿ, ತಮ್ಮಾ. ಎತ್ತಿಗೆ ಬ್ಯಾಡ, ಒಡೀತೈತಿ. ಹಿತ್ತಲಾಗ ಹೋಗಿ ನಮ್ಮ ಮಣ್ಣ ತಗೊಂಡ ಬಾ."

ಸಲಿಕೆ ಹುಡುಕಿಕೊಂಡು ಹಿತ್ತಲಿಗೆ ಹೋದೆ. ಬುಟ್ಟಿ ತುಂಬುವವರೆಗೂ ಆ ಮಣ್ಣಿನ ವರ್ಗ ಯಾವುದೆಂದು ನೆನಪೇ ಆಗಲಿಲ್ಲ.