ಪರದೇಶಿ ಗಲ್ಲಿಯ ಬಾಗಿಲ ಸಪ್ಪಳ

ಮೊದಲೇ ಹೇಳಿಬಿಡುತ್ತೇನೆ, ದೆವ್ವ, ಶಕುನ, ಸತ್ತವರ ಸುಳಿವು ಎಂದು ಮಾತಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಜೇವರ್ಗಿಯ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ವಿಜ್ಞಾನ ಕಲಿಸಿದವಳು ನಾನು. ಸ್ಟಾಫ್ ರೂಮಿನಲ್ಲಿ ಯಾರಾದರೂ ಗಾಣಗಾಪುರಕ್ಕೆ ಹೋಗಿ ಬಂದು, ಅಲ್ಲಿ ಮೈಮೇಲೆ ಬಂದವರ ಕತೆ ಶುರು ಮಾಡಿದರೆ, "ಮೊದಲ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ರಿ" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಅದಕ್ಕೇ ಈ ಸಂಗತಿಯನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ನನ್ನ ಮಾತನ್ನೇ ನನಗೆ ತಿರುಗಿಸಿ ಹೇಳಿ ನಗುತ್ತಿದ್ದರು.

ಇದು ನನ್ನ ಅವ್ವನ ವಿಷಯ. ಹೆಸರು ನೀಲವ್ವ, ಹಿರೋಳ್ಳಿ ಕಡೆಯ ಒಕ್ಕಲುತನದ ಮನೆಯವಳು. ಮದುವೆಯಾಗಿ ಆಳಂದಕ್ಕೆ ಬಂದಾಗ ಅವಳಿಗೆ ಹದಿನೆಂಟೋ ಹತ್ತೊಂಬತ್ತೋ. ಅಪ್ಪ ಅಲ್ಲಿಯ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದರು. ಬಾಡಿಗೆ ಮನೆ ಸಿಕ್ಕಿದ್ದು ಪರದೇಶಿ ಗಲ್ಲಿಯಲ್ಲಿ. ನಿಜಾಮರ ಕಾಲದಿಂದಲೂ ಬೇರೆ ಬೇರೆ ಕಡೆಯಿಂದ ಬಂದವರೇ ಅಲ್ಲಿ ನೆಲೆಸಿದ್ದರಿಂದ ಆ ಹೆಸರು. ತೆಲಂಗಾಣದ ನೇಕಾರರು, ಸೊಲ್ಲಾಪುರ ಕಡೆಯ ದರ್ಜಿಗಳು, ಹೈದರಾಬಾದಿನಿಂದ ಬಂದ ಟಾಂಗಾದವರು, ಮಾರವಾಡಿ ಬಟ್ಟೆ ವ್ಯಾಪಾರಿಗಳು. ಹಳ್ಳಿಯಿಂದ ಬರೀ ಕನ್ನಡ ಕಲಿತು ಬಂದ ಅವ್ವ ಎರಡೇ ವರ್ಷದಲ್ಲಿ ನಾಲ್ಕು ಭಾಷೆ ಕಲಿತಳಂತೆ.

ನಾನು ಹುಟ್ಟಿದ್ದೂ ಅಲ್ಲೇ. ಆದರೆ ನನಗೆ ಐದು ತುಂಬುವುದರೊಳಗೆ ಅಪ್ಪನಿಗೆ ಅಫಜಲಪುರಕ್ಕೆ ವರ್ಗವಾಯಿತು. ನನಗೆ ಆ ಗಲ್ಲಿಯ ನೆನಪು ಇಲ್ಲವೆಂದೇ ಹೇಳಬೇಕು. ಅವ್ವ ಮಾತ್ರ ಅದನ್ನು ಬಿಟ್ಟು ಬರಲೇ ಇಲ್ಲ. ಸಿಟ್ಟು ಬಂದರೆ ದಖನಿ ಉರ್ದುವಿನಲ್ಲಿ ಬೈಯುತ್ತಿದ್ದಳು, ನನ್ನ ತಮ್ಮನನ್ನು ತೆಲುಗಿನಲ್ಲಿ ಜೋಗುಳ ಹಾಡಿ ಮಲಗಿಸುತ್ತಿದ್ದಳು. ಮಾತಿಗೊಮ್ಮೆ ಎದುರು ಮನೆಯ ಬಡೀಬಿಯ ಹೆಸರು ಬರುತ್ತಿತ್ತು. ಬಡೀಬಿ ಟಾಂಗಾದವರ ಮನೆಯ ಹಿರಿಸೊಸೆ, ಅವ್ವನ ಜೀವದ ಗೆಳತಿ.

ಅಪ್ಪ ಹೋದ ಮೇಲೆ ಅವ್ವ ಜೇವರ್ಗಿಗೆ ಬಂದು ನನ್ನ ಹತ್ತಿರ ಇದ್ದಳು. ವರ್ಷಕ್ಕೆ ಒಂದೆರಡು ಸಲವಾದರೂ ಕೇಳುತ್ತಿದ್ದಳು.

"ಒಂದ್ ಸಲ ಆಳಂದಕ್ಕ ಕರ್ಕೊಂಡು ಹೋಗ ಬೇ. ಬಡೀಬಿ ಮನ್ಯಾಗ ಒಂದ್ ಗಳಿಗಿ ಕುಂತು ಬರ್ತೇನಿ."

"ಬಡೀಬಿ ಅದಾಳೋ ಇಲ್ಲೋ ಯಾರಿಗ್ಗೊತ್ತು! ಪರೀಕ್ಷಾ ಮುಗೀಲಿ ತಡಿ, ಹೋಗೋಣು."

ಶಾಲೆಯಲ್ಲಿ ಪರೀಕ್ಷೆಗಳಿಗೆ ಕೊನೆ ಎಲ್ಲಿಯದು? ಬಸ್ಸಿನಲ್ಲಿ ಕೂತರೆ ಅರ್ಧ ದಿನದ ದಾರಿ. ಆ ಅರ್ಧ ದಿನವನ್ನು ನಾನು ಹನ್ನೊಂದು ವರ್ಷ ಅವಳಿಗೆ ಕೊಡಲಿಲ್ಲ. ಆಮೇಲೆ ಅವಳಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ಮಾತು, ಮೂರೂ ಒಂದೇ ದಿನ ಹೋದವು.

ಮಾತು ಹೋದ ಮೇಲೆ ಎಡಗೈಯಲ್ಲಿ ಸ್ಟೀಲಿನ ಗ್ಲಾಸು ಹಿಡಿದು ಮಂಚದ ಕಬ್ಬಿಣದ ಸಳಿಗೆ ಬಡಿಯುವುದನ್ನು ಶುರು ಮಾಡಿದಳು. ಟಣ್ ಟಣ್. ಸ್ವಲ್ಪ ಹೊತ್ತು ಸುಮ್ಮನೆ. ಮತ್ತೆ ಒಂದೇ ಸಲ, ಟಣ್. ನಾನು ಶಾಲೆಯಿಂದ ಬಂದು ಚಪ್ಪಲಿ ಬಿಡುವ ಹೊತ್ತಿಗೆ, ಸಂಜೆ ನಾಲ್ಕರ ಸುಮಾರಿಗೆ, ದಿನಾ ಇದೇ. ಬಾಯಾರಿಕೆ ಇರಬೇಕೆಂದು ನೀರು ಒಯ್ದು ಕೊಟ್ಟರೆ ಮುಖ ತಿರುಗಿಸುತ್ತಿದ್ದಳು. ಮತ್ತೆ ಬಡಿಯುತ್ತಿದ್ದಳು. ಮತ್ತೆ ನೀರು. ಆರು ತಿಂಗಳು ಹೀಗೇ ನಡೆದು ಕಡೆಗೆ ನನಗೂ ತಲೆ ಕೆಟ್ಟಿತು. "ಏನ್ ಬೇಕವ್ವಾ ನಿನಗ? ನೀರ ಕೊಟ್ರ ಕುಡೀಯಂಗಿಲ್ಲ, ಸುಮ್ನ ಕೂಡಂಗಿಲ್ಲ, ಜೀವಾ ತಿಂತೀಯಲ್ಲ!" ಎಂದು ಒದರಿದೆ. ಒದರಿದ್ದಷ್ಟೇ ಅಲ್ಲ, ಸ್ಟೀಲಿನ ಗ್ಲಾಸು ಕಸಿದುಕೊಂಡು ಸಪ್ಪಳವಾಗದ ಪ್ಲಾಸ್ಟಿಕ್ ಗ್ಲಾಸು ಕೊಟ್ಟೆ. ಅವಳು ಅದನ್ನು ಒಂದು ಸಲವೂ ಕೈಯಲ್ಲಿ ಹಿಡಿಯಲಿಲ್ಲ. ಹದಿನೈದು ದಿನಕ್ಕೆ ತೀರಿಕೊಂಡಳು.

ಅದಾಗಿ ಐದಾರು ತಿಂಗಳಿಗೆ, ಜೊತೆಗೆ ಕೆಲಸ ಮಾಡುವ ಟೀಚರೊಬ್ಬರು ಆಳಂದದಲ್ಲಿ ಹೊಸ ಮನೆ ಕಟ್ಟಿಸಿ ಊಟಕ್ಕೆ ಕರೆದರು. ಹೋದೆ. ಎಂಥ ವಿಪರ್ಯಾಸ ನೋಡಿ, ಅವ್ವನಿಗೆ ಸಿಗದ ಅರ್ಧ ದಿನ ಹೋಳಿಗೆ ಊಟಕ್ಕೆ ಸಿಕ್ಕಿತು. ಉಂಡು ಹೊರಬಿದ್ದಾಗ ಮೂರು ಗಂಟೆ, ನನ್ನ ಬಸ್ಸು ಐದೂವರೆಗೆ. ಕಾಲುಗಳು ತಾವಾಗಿಯೇ ಹಳೇ ಪೇಟೆಯ ಕಡೆ ನಡೆದವು.

ಪರದೇಶಿ ಗಲ್ಲಿಯನ್ನು ಹುಡುಕುವುದು ಕಷ್ಟವಾಗಲಿಲ್ಲ, ಹೆಸರು ಇನ್ನೂ ಚಾಲ್ತಿಯಲ್ಲಿತ್ತು. ಮಗ್ಗದ ಸಪ್ಪಳ ಇರಲಿಲ್ಲ. ಟಾಂಗಾ ನಿಲ್ಲುತ್ತಿದ್ದ ಜಾಗದಲ್ಲಿ ಆಟೋಗಳು. ನೇಕಾರರ ಮನೆಗಳಲ್ಲಿ ಈಗ ಬಿಹಾರದ ಬಣ್ಣ ಹಚ್ಚುವ ಹುಡುಗರು, ರಾಜಸ್ಥಾನದ ಕಲ್ಲು ಕೂಡಿಸುವವರು. ಜನ ಬದಲಾಗಿದ್ದರೂ ಗಲ್ಲಿ ಮಾತ್ರ ದೂರದಿಂದ ಬಂದವರದೇ ಆಗಿ ಉಳಿದಿತ್ತು. ಮೂಲೆಯಲ್ಲಿ ಒಬ್ಬ ಮುದುಕರು ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಕಂಪೌಂಡರ ನೀಲವ್ವನ ಮಗಳು ನಾನು ಎಂದು ಹೇಳಿದ್ದೇ ತಡ, ಕನ್ನಡಕ ತೆಗೆದು ನೋಡಿದರು. ದರ್ಜಿ ದತ್ತೋಬಾ. ಅವ್ವನ ಬಾಯಲ್ಲಿ ಕೇಳಿದ್ದ ಹೆಸರು.

"ಅರೇ, ನೀ ಇಷ್ಟಿದ್ದಿ ಬೇ!" ಎಂದು ಕೈಯನ್ನು ಯಂತ್ರದ ಎತ್ತರಕ್ಕೆ ಹಿಡಿದು ತೋರಿಸಿದರು. ಅವ್ವ ಹೋದ ಸುದ್ದಿ ಹೇಳಿದೆ. ಅವರು ಮರಾಠಿಯಲ್ಲಿ ಏನೋ ಅಂದುಕೊಂಡರು. ನಮ್ಮ ಮನೆ ಬಿದ್ದು ಅಲ್ಲಿ ಗೋದಾಮು ಎದ್ದಿತ್ತು. ಎದುರಿಗೆ ಬಡೀಬಿಯ ಮನೆ ಹಾಗೇ ಇತ್ತು. ಬಡೀಬಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳು ಹೈದರಾಬಾದ್ ಸೇರಿದ್ದರು.

ಆ ಮನೆಯಲ್ಲಿ ಈಗ ಕಮಲಾ ಎಂಬ ರಾಜಸ್ಥಾನದ ಹೆಣ್ಣುಮಗಳು ಬಾಡಿಗೆಗಿದ್ದಳು. ಗಂಡ ಗ್ರಾನೈಟ್ ಕೂಡಿಸುವ ಕೆಲಸಕ್ಕೆ ಹೋಗಿದ್ದ. ವಿಷಯ ಹೇಳಿದೊಡನೆ, "ಬರ್ರಿ ಅಮ್ಮಾ, ಕುಂದರ್ರಿ, ಚಾ ಮಾಡ್ತೇನಿ" ಎಂದು ಒಳಗೆ ಕರೆದು ಬಾಗಿಲು ಎಳೆದು ಮುಂದೆ ಮಾಡಿದಳು. ಅವಳದು ಎರಡು ವರ್ಷದಲ್ಲಿ ಕಲಿತ ಕನ್ನಡ. ಅವ್ವನೂ ಪಡಸಾಲೆಯ ಇದೇ ಕಟ್ಟೆಯ ಮೇಲೆ ಕೂತು ಹೀಗೇ ಹೊಸದಾಗಿ ಕಲಿತ ಉರ್ದು ಮಾತಾಡಿರಬೇಕು ಅನ್ನಿಸಿ ನನಗೆ ಕಣ್ಣು ತುಂಬಿ ಬಂತು. ಚಹಾ ಅರ್ಧ ಕುಡಿದಿದ್ದೆ.

ಆಗ ಬಾಗಿಲ ಹೊರಗಿನ ಸರಪಳಿ ಸಪ್ಪಳ ಮಾಡಿತು. ಟಣ್ ಟಣ್. ಸ್ವಲ್ಪ ಹೊತ್ತು ಸುಮ್ಮನೆ. ಟಣ್.

ಚಹಾದ ಲೋಟ ಕೆಳಗಿಟ್ಟೆ. ಅದೇ ಅಳತೆ, ನಡುವೆ ಅಷ್ಟೇ ಬಿಡುವು. ಆರು ತಿಂಗಳು ದಿನಾ ಕೇಳಿದ್ದನ್ನು ಮರೆಯಲು ಸಾಧ್ಯವೇ?

"ತೆಗೀಬ್ಯಾಡ್ರಿ ಅಮ್ಮಾ, ಯಾರೂ ಇರಂಗಿಲ್ಲ" ಅಂದಳು ಕಮಲಾ, ಏನೂ ಆಗಿಲ್ಲದವಳ ಹಾಗೆ. "ನಾಲ್ಕೈದು ತಿಂಗಳಾತು, ದಿನಾ ಈ ಟೈಮಿಗೆ ಬರ್ತದ. ನಮ್ಮವರು ಸರಪಳಿಗೆ ತಂತಿ ಬಿಗದಾರ. ಆದ್ರೂ ಬರ್ತದ."

ನಾನು ಎದ್ದು ಹೋಗಿ ಬಾಗಿಲು ತೆಗೆದೆ. ಹೊಸ್ತಿಲಲ್ಲಿ ಯಾರೂ ಇಲ್ಲ. ಗಲ್ಲಿಯ ಆ ಕಡೆ ಈ ಕಡೆ ನೋಡಿದೆ, ಬಿಸಿಲು ಬಿಟ್ಟರೆ ಏನಿಲ್ಲ. ಸರಪಳಿ ಹಿಡಿದೆಳೆದೆ. ತಂತಿಯಿಂದ ಮೊಳೆಗೆ ಬಿಗಿದು ಕಟ್ಟಿತ್ತು, ಅಲ್ಲಾಡಲೂ ಇಲ್ಲ. ಗಾಳಿ ಇರಲಿಲ್ಲ. ಲಾರಿ ಯಾವುದೂ ಹಾಯಲಿಲ್ಲ. ಎಲ್ಲ ನೋಡಿ ಬಾಗಿಲು ಹಾಕಿದೆ.

ಕಮಲಾಗೆ ಏನೂ ಹೇಳದೆ ದತ್ತೋಬಾ ಅವರ ಹತ್ತಿರ ಹೋದೆ. ಅವರ ಯಂತ್ರದ ಹಲಗೆಯ ಮೇಲೆ ಬೆರಳಿನಿಂದ ಬಡಿದು ತೋರಿಸಿದೆ, ಎರಡು, ಆಮೇಲೆ ಒಂದು. ಇದೇನು ಗೊತ್ತೇ ಎಂದು ಕೇಳಿದೆ. ಮುದುಕರು ನಕ್ಕುಬಿಟ್ಟರು.

"ಗೊತ್ತಿಲ್ದೆ ಏನು! ನಿಮ್ಮವ್ವಂದು ಅದು. ಆಗ ಈ ಗಲ್ಲ್ಯಾಗ ಹೆಣ್ಮಕ್ಕಳು ಹೊರಗ ನಿಂತು ಹೆಸರು ಹಿಡದು ಕೂಗತಿದ್ದಿಲ್ಲ. ಬಡೀಬಿ ಮನ್ಯಾಗ ಗೋಶಾ ಪರದಾ ಇತ್ತಲ್ಲ, ಸಿಕ್ಕವರಿಗೆ ಬಾಗಿಲಾ ತೆಗಿತಿದ್ದಿಲ್ಲ. ಅದಕ್ಕ ಒಬ್ಬೊಬ್ಬರು ಒಂದೊಂದು ಥರಾ ಸರಪಳಿ ಬಾರಸೋರು. ಮಾರವಾಡಿ ಬಾಯಿ ಮೂರು, ನೇಕಾರ ನರ್ಸವ್ವ ಒಂದು, ಆಮ್ಯಾಲ ಎರಡು. ನಿಮ್ಮವ್ವ ಎರಡು, ಆಮ್ಯಾಲ ಒಂದು. ನಾಲ್ಕು ಗಂಟೆಕ್ಕ ಗಂಡಸರೆಲ್ಲ ಅಂಗಡಿಗಿ ಹೋದಮ್ಯಾಲ ದಿನಾ ಹೋಗೋಳು. ಒಳಗಿಂದ ಬಡೀಬಿ 'ಆ ನೀಲವ್ವಾ, ಬೈಠ್' ಅನ್ನೋಳು, ಬಾ, ಕುಂದ್ರು ಅಂತ. ನಾ ಇಲ್ಲಿ ಕುಂತು ಕೇಳೇನಿ."

ಅಲ್ಲೇ ಅವರ ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಅವ್ವ ನೀರು ಕೇಳಿರಲಿಲ್ಲ. ಮಾತಿಲ್ಲದ ಅವಳು ದಿನಾ ನಾಲ್ಕಕ್ಕೆ ಗೆಳತಿಯ ಬಾಗಿಲು ಬಾರಿಸುತ್ತಿದ್ದಳು, ಆಳಂದಕ್ಕೆ ಕರೆದುಕೊಂಡು ಹೋಗು ಎನ್ನುತ್ತಿದ್ದಳು. ನಾನು ಅವಳ ಕೈಯಿಂದ ಅದನ್ನೂ ಕಸಿದುಕೊಂಡೆ. ದತ್ತೋಬಾ ಗಾಬರಿಯಾಗಿ ಹೊಲಿಯುತ್ತಿದ್ದ ಬಟ್ಟೆಯ ತುಂಡನ್ನೇ ಕಣ್ಣೊರೆಸಿಕೊಳ್ಳಲು ಕೊಟ್ಟರು.

ತಿರುಗಿ ಕಮಲಾಳ ಮನೆಗೆ ಹೋಗಿ ಎಲ್ಲ ಹೇಳಿದೆ. ಅವಳು ಹೆದರುತ್ತಾಳೆ, ಮನೆ ಬಿಡುತ್ತೇನೆ ಅನ್ನುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು ಬೇರೆಯೇ.

"ನಿಮ್ಮವ್ವಗ ಚಾದಾಗ ಸಕ್ಕರಿ ಜಾಸ್ತಿ ಬೇಕಿತ್ತೇನ್ರಿ?"

"ಜಾಸ್ತೀನೇ ಬೇಕಿತ್ತು" ಅಂದೆ. ನನ್ನ ಫೋನ್ ನಂಬರು ಕೊಟ್ಟು ಬಸ್ ಹತ್ತಿದೆ.

ಎರಡು ದಿನದ ಮೇಲೆ ಅವಳ ಫೋನ್ ಬಂತು. ನಾನು ಹೋಗಿ ಬಂದ ಮರುದಿನ ನಾಲ್ಕಕ್ಕೆ ಸಪ್ಪಳವಾದೊಡನೆ ಬಾಗಿಲು ಪೂರಾ ತೆಗೆದು, ದತ್ತೋಬಾ ಹೇಳಿಕೊಟ್ಟ ಹಾಗೆ "ಆ ನೀಲವ್ವಾ, ಬೈಠ್" ಅಂದಳಂತೆ. ಕಟ್ಟೆಯ ಮೇಲೆ ಚಾಪೆ ಹಾಸಿ ಚಹಾ ಇಟ್ಟು, ಎದುರಿಗೆ ಕೂತು ತನ್ನ ಪಾಲಿನದು ಕುಡಿದಳಂತೆ. ಯಾರೂ ಕಾಣಲಿಲ್ಲ. ಅದರ ಮರುದಿನ ಸಪ್ಪಳ ಬರಲಿಲ್ಲ. ಇವತ್ತಿನವರೆಗೂ ಬಂದಿಲ್ಲ.

ತಂತಿ ಬಿಗಿದ ಸರಪಳಿ ಹೇಗೆ ಸಪ್ಪಳ ಮಾಡಿತು? ಮರ ಬಿಸಿಲಿಗೆ ಹಿಗ್ಗಿ ಕುಗ್ಗುತ್ತದೆ, ಗೋದಾಮಿನಲ್ಲಿ ಯಾವುದೋ ಯಂತ್ರ ಇರಬಹುದು, ಎಲ್ಲ ಯೋಚಿಸಿದ್ದೇನೆ. ಆದರೆ ಅವ್ವನ ಅಳತೆ ಗೊತ್ತಿಲ್ಲದ, ಹೆಸರೂ ಕೇಳದ ಕಮಲಾಗೆ ನಾಲ್ಕೈದು ತಿಂಗಳು ಅದು ಹೇಗೆ ಕೇಳಿಸಿತು ಎಂಬಲ್ಲಿ ನನ್ನ ವಿಜ್ಞಾನ ನಿಂತುಬಿಡುತ್ತದೆ. ಅದಕ್ಕೆ ಉತ್ತರ ಸಿಗದಿದ್ದರೂ ನಡೆಯುತ್ತದೆ. ಆ ದಿನ ಫೋನ್ ಇಡುವ ಮೊದಲು ಕಮಲಾ ಕೇಳಿದ ಪ್ರಶ್ನೆಯೇ ಬೇರೆ. ಚುಚ್ಚಬೇಕೆಂದು ಕೇಳಿದ್ದಲ್ಲ, ತಿಳಿಯದೆ ಕೇಳಿದಳು.

"ಅಮ್ಮಾ, ನೀವು ಇದ್ದಾಗೂ ನಿಮ್ಮವ್ವ ಬಂದಿದ್ರಲ್ಲ. ಬಾಗಿಲಾನೂ ತೆಗದ್ರಿ. ಒಳಗ ಬಾ ಅವ್ವಾ ಅಂತ ನೀವ್ಯಾಕ ಅನ್ನಲಿಲ್ರಿ?"