ಗ್ಲಾಸು ನೋಡಲು ಬರುವವನು

ಬಡವನಹಳ್ಳಿಯ ಲೋಹಿತಾ ಹೂವಿನ ವ್ಯಾಪಾರದವಳು. ಸುತ್ತಲಿನ ಹಳ್ಳಿಗಳಲ್ಲಿ ಸೇವಂತಿಗೆ, ಕಾಕಡ, ಕನಕಾಂಬರ ಬೆಳೆಯುವವರ ಹೊಲಕ್ಕೇ ಹೋಗಿ, ಬಿಡಿ ಹೂ ತೂಗಿಸಿಕೊಂಡು, ತನ್ನ ಬಿಳಿ ವ್ಯಾನಿಗೆ ತುಂಬಿಕೊಂಡು ಮಧುಗಿರಿ, ಕೊರಟಗೆರೆಯ ಅಂಗಡಿಗಳಿಗೆ ಹಾಕಿ ಬರುವುದು ಅವಳ ಕೆಲಸ. ಅಪ್ಪ ಸೈಕಲ್ಲಿನಲ್ಲಿ ಮಾಡುತ್ತಿದ್ದ ವ್ಯಾಪಾರವನ್ನು ಅವಳು ನಾಲ್ಕು ಚಕ್ರದ ಮೇಲೆ ಕೂರಿಸಿದಳು. ಹೆಂಗಸು ವ್ಯಾನು ಓಡಿಸುತ್ತಾಳೆಂದು ಮೊದಮೊದಲು ಊರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಿತು. ಈಗ ಅದೇ ಊರು ಮಧುಗಿರಿ ಆಸ್ಪತ್ರೆಗೆ ಹೋಗಬೇಕಾದಾಗ ಅವಳ ವ್ಯಾನಿಗೇ ಕೈ ಅಡ್ಡ ಹಾಕುತ್ತದೆ, ಹತ್ತಿ ಕೂತು ಇನ್ನೂ ಸ್ವಲ್ಪ ಜೋರಾಗಿ ಓಡಿಸು ಎನ್ನುತ್ತದೆ.

ಮದುವೆಯಾಗಿಲ್ಲ. ಅವಳ ಬಗ್ಗೆ ಆಡಿಕೊಳ್ಳಲು ಊರಿಗೆ ಬೇರೇನೂ ಸಿಗದೆ, ಅವಳಿಗೆ ನಲವತ್ತು ದಾಟಿದ ಮೇಲೂ ಅದನ್ನೇ ಜಗಿಯುತ್ತಿದ್ದಾರೆ. ಕೇಳಿದವರಿಗೆಲ್ಲ ಅವಳದು ಒಂದೇ ಉತ್ತರ: “ಹೂವಿನ ಕೆಲ್ಸ ಕಣಮ್ಮ, ಪುರುಸೊತ್ತು ಎಲ್ಲೈತೆ?” ಊರಿನ ಮದುವೆಗಳಿಗೆಲ್ಲ ಹಾರ ಅವಳಿಂದಲೇ ಹೋಗಬೇಕು. ಕೊಟ್ಟು ಬರುತ್ತಾಳೆ, ಊಟಕ್ಕೆ ನಿಲ್ಲುವುದಿಲ್ಲ.

ಒಂದು ಮಂಗಳವಾರ ಕೊರಟಗೆರೆಯಿಂದ ಖಾಲಿ ವ್ಯಾನು ವಾಪಸು ತರುತ್ತಿದ್ದಾಗ, ಮುಂದೆ ಹೋಗುತ್ತಿದ್ದ ಜಲ್ಲಿ ಟಿಪ್ಪರಿನಿಂದ ಕಲ್ಲೊಂದು ಸಿಡಿದು ಮುಂದಿನ ಗ್ಲಾಸಿಗೆ ಬಡಿಯಿತು. ಮೊದಲು ಗುಂಡುಸೂಜಿ ತಲೆಯಷ್ಟು ಗುರುತು. ಮಧುಗಿರಿ ಸೇರುವ ಹೊತ್ತಿಗೆ ಅಲ್ಲಿಂದ ಬಿರುಕು ಹೊರಟು ಗ್ಲಾಸಿನ ಈ ಮೂಲೆಯಿಂದ ಆ ಮೂಲೆಗೆ ಹರಿದಿತ್ತು. ಟಿಪ್ಪರಿನವನಿಗೆ ಬಾಯ್ತುಂಬ ಬೈದು, ಪಾಲಿಸಿ ಕಾಗದದಲ್ಲಿದ್ದ ನಂಬರಿಗೆ ಫೋನು ಮಾಡಿ ಇನ್ಶೂರೆನ್ಸಿನವರಿಗೆ ಕ್ಲೇಮು ಬರೆಸಿ, ಗ್ಲಾಸು ಹಾಕುವ ಅಶ್ವತ್ಥನ ಶೆಡ್ಡಿನ ಮುಂದೆ ಗಾಡಿ ನಿಲ್ಲಿಸಿದಳು.

ಅಶ್ವತ್ಥ ಬಿರುಕಿನ ಮೇಲೆ ಬೆರಳಾಡಿಸಿ ಹಣೆ ಚಚ್ಚಿಕೊಂಡ. “ಅರ್ಜೆಂಟ್ ಮಾಡ್ಬುಟ್ಟೆ ಕಣಕ್ಕ. ಗ್ಲಾಸಿಗೆ ಇನ್ಶೂರೆನ್ಸ್‌ನೋರು ಕೊಡ್ತಾರೆ, ಇಲ್ಲ ಅನ್ನಲ್ಲ. ಆದ್ರೆ ಇಷ್ಟು ವರ್ಷ ಏನೂ ಕೇಳಿಲ್ಲ ಅಂತ ನಿಂಗೆ ವರ್ಷಾವರ್ಷ ಕಂತಲ್ಲಿ ರಿಯಾಯಿತಿ ಕೊಡ್ತಾವ್ರಲ್ಲ, ಅದು ಹೊಂಟೋಯ್ತದೆ. ಈ ಗಾಡಿ ಗ್ಲಾಸು ದುಬಾರಿ ಏನಲ್ಲ. ಕೈಯಿಂದ ಹಾಕಿಸ್ಕೊಂಡ್ರೇ ನಿಂಗೆ ಲಾಭ. ಸಂಜೆಗೆ ಗಾಡಿ ರೆಡಿ.”

ವ್ಯಾಪಾರದವಳಿಗೆ ಲಾಭದ ಮಾತು ಎರಡು ಸಲ ಹೇಳಬೇಕಾಗಿಲ್ಲ. “ಹಂಗಾದ್ರೆ ಕ್ಲೇಮು ಬ್ಯಾಡ ಅಂತ ಹೇಳ್ತೀನಿ, ನೀನು ಬಿಚ್ಚು,” ಅಂದಳು. ಅಶ್ವತ್ಥ ಗ್ಲಾಸಿನ ಸುತ್ತಲಿನ ರಬ್ಬರು ಕೀಳಲು ಕೈ ಹಾಕಿದ. ಅಷ್ಟರಲ್ಲಿ ಅವಳ ಫೋನಿಗೆ ಮೆಸೇಜು ಬಂತು. ನಿಮ್ಮ ಕ್ಲೇಮು ದಾಖಲಾಗಿದೆ, ಗಾಡಿ ಪರಿಶೀಲಿಸುವ ಸರ್ವೆಯರ್ ಟಿ. ಎನ್. ಓಬಳರಾಜು.

“ತಡಿ ಅಶ್ವತ್ಥ, ಮುಟ್ಬೇಡ!” ಎಂದು ಅವಳು ಕೂಗಿದ ರೀತಿಗೆ ಅವನು ಶಾಕು ಹೊಡೆದವನಂತೆ ಕೈ ಹಿಂದೆಳೆದುಕೊಂಡ. “ಕ್ಲೇಮೇ ಇರ್ಲಿ. ಸರ್ವೆಯರ್ ಬಂದು ನೋಡೋಗಂಟ ಗ್ಲಾಸು ಹಿಂಗೇ ಇರ್ಲಿ.”

“ಈಗ್ತಾನೆ ಬ್ಯಾಡ ಅಂದಲ್ಲಕ್ಕ?”

“ಈಗ ಬೇಕು ಅಂತಿದೀನಿ.”

ಓಬಳರಾಜು ಎಂಬ ಹೆಸರು ಆ ಸೀಮೆಯಲ್ಲಿ ಅಪರೂಪದ್ದೇನಲ್ಲ. ಆದರೆ ಟಿ ಎಂದರೆ ಅವನ ಊರು ತಿರುಮಣಿ, ಎನ್ ಎಂದರೆ ಅವನ ಅಪ್ಪನ ಹೆಸರು, ಎರಡನ್ನೂ ಲೋಹಿತಾ ಒಂದು ಕಾಲದಲ್ಲಿ ತನ್ನ ಹೆಸರಿನ ಪಕ್ಕದಲ್ಲಿಟ್ಟು ನೋಡಿದ್ದಳು. ಮಧುಗಿರಿಯ ಕಾಲೇಜಿನಲ್ಲಿ ಇಬ್ಬರೂ ಒಂದೇ ಕ್ಲಾಸು. ಪಾವಗಡದ ಕಡೆಯ ಹುಡುಗ, ಕನ್ನಡದ ನಡುವೆ ತೆಲುಗು ನುಸುಳುತ್ತಿತ್ತು, ಹುಡುಗಿಯರ ಮುಂದಂತೂ ಎರಡೂ ಭಾಷೆ ಕೈಕೊಡುತ್ತಿದ್ದವು. ಸಂಜೆ ಅವಳು ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಅವನು ರಸ್ತೆಯ ಆ ಬದಿಯಲ್ಲಿ ನಡೆಯುತ್ತಿದ್ದ. ಅವಳು ನಿಧಾನ ಮಾಡಿದರೆ ಅವನೂ ನಿಧಾನ, ಅವಳು ಚಪ್ಪಲಿ ಸರಿಮಾಡಿಕೊಳ್ಳಲು ನಿಂತರೆ ಅವನೂ ನಿಂತು ಆಕಾಶ ನೋಡುತ್ತಿದ್ದ. ಮೂರು ವರ್ಷ ಹೀಗೆ ರಸ್ತೆಯ ಎರಡು ಬದಿಯಲ್ಲಿ ನಡೆದವನು, ಪರೀಕ್ಷೆ ಮುಗಿದ ಮೇಲೆ ಮನೆಯ ಹಿರಿಯರನ್ನೇ ಹೆಣ್ಣು ಕೇಳಲು ಕಳಿಸಿಬಿಟ್ಟ. ಅವಳಿಗೆ ನಗು, ನಾಚಿಕೆ, ಹೆಮ್ಮೆ ಎಲ್ಲಾ ಒಟ್ಟಿಗೇ ಆಗಿ ಅಡುಗೆಮನೆಯಲ್ಲಿ ಪಾತ್ರೆ ಬೀಳಿಸಿದ್ದಳು.

ಎರಡೂ ಮನೆಯವರು ಒಪ್ಪಿದರು. ಉಳಿದದ್ದು ದೇವರೊಬ್ಬನೇ. ತಿರುಮಣಿಯ ಅವರ ಮನೆಯಲ್ಲಿ ಹೂ ಕೇಳದೆ ಯಾವ ಶುಭಕಾರ್ಯಕ್ಕೂ ಕೈ ಹಾಕುವುದಿಲ್ಲ. ದೇವರ ಮೈಯ ಎರಡೂ ಬದಿಗೆ ನೀರಿನಲ್ಲಿ ಅದ್ದಿದ ಹೂ ಅಂಟಿಸಿ ಕೂರುವುದು, ಬಲಗಡೆಯದು ಮೊದಲು ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಬೇಡ. ಎಡಗಡೆಯದು ಬಿತ್ತು. ಬೇಡವೆಂದು ಹೇಳಿಕಳಿಸಿದರು. ನೀರು ಹೆಚ್ಚಾಗಿ ಹತ್ತಿದ ಹೂ ಮೊದಲು ಜಾರುತ್ತದೆಂಬುದು ಹೂವಿನವನ ಮಗಳಿಗೆ ಗೊತ್ತಿರಲಿಲ್ಲವೆ? ಆದರೆ ಅವಳ ಸಿಟ್ಟು ಹೂವಿನ ಮೇಲೂ ಅಲ್ಲ, ದೇವರ ಮೇಲೂ ಅಲ್ಲ. ಅವನು ಬರುತ್ತಾನೆ, ಒಂದು ಮಾತು ಆಡುತ್ತಾನೆಂದು ಕಾದಳು. ಹೂ ಬಿದ್ದರೆ ಬೀಳಲಿ ಎನ್ನುವುದು ಬೇಡ, ಏನು ಮಾಡಲಿ ಲೋಹಿತಾ ಎಂದಾದರೂ ಕೇಳಬಹುದಿತ್ತು. ಬರಲಿಲ್ಲ. ಆಮೇಲೆ ಬಂದ ಗಂಡುಗಳನ್ನೆಲ್ಲ ಅವಳು ಒಂದಲ್ಲ ಒಂದು ನೆವ ಹೇಳಿ ಸಾಗಹಾಕಿದಳು. ಅವಳಿಗೆ ಬೇಕಾಗಿದ್ದದ್ದು ಗಂಡನೂ ಅಲ್ಲವೇನೋ, ಆ ಒಂದು ಮಾತು.

ಮೆಸೇಜು ಬಂದ ಆ ಮಂಗಳವಾರ ಸಂಜೆ ಅವಳು ಪೆಟ್ಟಿಗೆಯಿಂದ ಹಸಿರು ಸೀರೆ ತೆಗೆದು ಇಸ್ತ್ರಿ ಮಾಡುವುದನ್ನು ಅವ್ವ ನರಸಮ್ಮ ಹೊಸ್ತಿಲ ಮೇಲೆ ಕೂತು ನೋಡಿದಳು. ನರಸಮ್ಮನ ಮೊಣಕಾಲು ಸೋತಿದೆ, ನಾಲಿಗೆ ಸೋತಿಲ್ಲ.

“ಗಾಡಿ ಕೆಟ್ಟು ನಿಂತೈತೆ, ನೀನು ಸೀರೆಗೆ ಇಸ್ತ್ರಿ ಹಾಕ್ತಾ ಕುಂತಿದೀಯ. ಗ್ಲಾಸು ನೋಡಾಕೆ ಬರೋನು ಗ್ಲಾಸು ನೋಡ್ತಾನೋ ನಿನ್ನ ನೋಡ್ತಾನೋ?”

“ಸುಮ್ನಿರವ್ವ.”

“ಯಾರಂತೆ ಅವ್ನು?”

“ತಿರುಮಣಿಯವ್ರು.”

ಅವ್ವ ಮುಖ ತಿರುಗಿಸಿ, ಗೋಡೆಗೇ ಹೇಳಿದಂತೆ, “ಹಸಿರು ಬ್ಯಾಡ, ಕೆಂಪಂಚಿಂದು ಉಟ್ಕೋ. ನಿಂಗೆ ಒಪ್ತದೆ,” ಅಂದಳು.

ಬುಧವಾರ ಸರ್ವೆಯರ್ ಬರಲಿಲ್ಲ. ಹೂವನ್ನು ಲೋಹಿತಾ ಬಾಡಿಗೆ ಆಟೋದಲ್ಲಿ ಕಳಿಸಿ, ಕೆಂಪಂಚಿನ ಸೀರೆ ಉಟ್ಟು, ಅಶ್ವತ್ಥನ ಶೆಡ್ಡಿನ ಮುಂದೆ ಸ್ಟೂಲು ಹಾಕಿಕೊಂಡು ಕೂತಳು. ಪಾವಗಡದ ಕಡೆಯಿಂದ ಬಂದ ಪ್ರತಿಯೊಂದು ಬೈಕಿನ ಮೇಲೂ ಅವನನ್ನು ಕೂರಿಸಿ ನೋಡಿದಳು. ಹೊಟ್ಟೆ ಬಂದಿರಬಹುದು, ತಲೆ ಬೋಳಾಗಿರಬಹುದು, ಆದರೂ ನಡಿಗೆಯಲ್ಲಿ ಗುರುತು ಹಿಡಿಯುತ್ತೇನೆ ಎಂದುಕೊಂಡಳು. ಕೇಳಬೇಕಾದ ಮಾತನ್ನು ಎಷ್ಟೋ ಬಗೆಯಲ್ಲಿ ತಿದ್ದಿ ಇಟ್ಟುಕೊಂಡಿದ್ದಳು: ಅವತ್ತು ಯಾಕೆ ಬರಲಿಲ್ಲ? ಬೈಯುವುದಕ್ಕಲ್ಲ. ಗೊತ್ತಾದರೆ ಸಾಕು. ಈ ವಯಸ್ಸಿನಲ್ಲಿ ಇದೆಂಥ ಹುಚ್ಚು ಎಂದು ಅವಳಿಗೇ ನಾಚಿಕೆಯಾಗುತ್ತಿತ್ತು, ಆದರೆ ನಾಚಿಕೆಯಿಂದ ಎದೆಯ ಬಡಿತವೇನೂ ಕಮ್ಮಿಯಾಗಲಿಲ್ಲ. ಇಷ್ಟು ವರ್ಷ ಇಲ್ಲವೇ ಇಲ್ಲ ಎಂದು ತಾನೇ ನಂಬಿಸಿಕೊಂಡಿದ್ದ ಆಸೆ ಒಂದು ಮೆಸೇಜಿಗೆ ಎದ್ದು ಕೂತಿತ್ತು.

ಗುರುವಾರ ಬೆಳಿಗ್ಗೆಯೂ ಅದೇ ಸೀರೆಯಲ್ಲಿ ಅದೇ ಸ್ಟೂಲಿನ ಮೇಲೆ ಕೂತಿದ್ದಾಗ, ಬಿಸಿಲು ಏರುವ ಹೊತ್ತಿಗೆ ಫೋನಿಗೆ ಒಂದು ಲಿಂಕು ಬಂತು. ಅರ್ಥವಾಗದೆ ಅಶ್ವತ್ಥನಿಗೆ ತೋರಿಸಿದಳು.

“ಓ, ಇದಾ. ಚಿಕ್ಕ ಕ್ಲೇಮಿಗೆಲ್ಲ ಈಗ ಯಾರೂ ಬರಲ್ಲಕ್ಕ. ಫೋನಲ್ಲೇ ನೋಡ್ಬುಡ್ತಾರೆ. ಇದನ್ನ ಒತ್ತಿದ್ರೆ ಸರ್ವೆಯರು ಮಾತಾಡ್ತಾರೆ, ಅವ್ರು ಹೇಳ್ದಂಗೆ ನೀನು ಗಾಡಿ ತೋರಿಸ್ತಾ ಹೋಗು.”

“ಅವ್ರು ನಂಗೆ ಕಾಣ್ತಾರಾ?”

“ಅವ್ರು ಕಾಣಲ್ಲ, ಮಾತು ಅಷ್ಟೇ. ಅವ್ರಿಗೆ ನೀನು ಹಿಡಿದಿದ್ದು ಕಾಣ್ತದೆ. ಮತ್ತೆ, ಎಲ್ಲಾ ರೆಕಾರ್ಡ್ ಆಯ್ತದೆ ಅಕ್ಕ, ಕೆಲ್ಸದ ಮಾತು ಬುಟ್ಟು ಬೇರೆ ಆಡ್ಬೇಡ.”

ಲೋಹಿತಾ ಸೀರೆಯ ನೆರಿಗೆ ನೋಡಿಕೊಂಡಳು. ಕ್ಲೇಮೇ ಬೇಡ, ಬಿಚ್ಚು ಗ್ಲಾಸನ್ನ ಎಂದುಬಿಡಬೇಕೆನಿಸಿತು. ಆದರೆ ಬೆರಳು ಆಗಲೇ ಲಿಂಕು ಒತ್ತಿತ್ತು.

“ನಮಸ್ಕಾರ ಮೇಡಂ, ಸರ್ವೆಯರ್ ಮಾತಾಡ್ತಿರೋದು,” ಎಂದಿತು ದನಿ. ಸ್ವಲ್ಪ ದಪ್ಪಗಾಗಿತ್ತು, ಒಳಗಿನದು ಅದೇ ಹಳೆಯ ದನಿ. “ಗಾಡಿ ಓನರ್ ಲೋಹಿತಾ ಅಂದ್ರೆ ನೀವೇನಾ?”

“ನಾನೇ.”

ಆ ಕಡೆ ಎಲ್ಲೋ ಕುಕ್ಕರು ಕೂಗಿತು. ಮನೆಯಿಂದಲೇ ಕೆಲಸ ಮಾಡುತ್ತಿದ್ದಾನೆ, ಒಲೆಯ ಮುಂದೆ ಯಾರೋ ಇದ್ದಾರೆ. ಇರಲೇಬೇಕಲ್ಲ ಎಂದುಕೊಂಡಳು.

“ಗಾಡಿ ಓಡಿಸ್ತಿದ್ದೋರು?”

“ಅದೂ ನಾನೇ.”

ಆಮೇಲೆ ನಂಬರ್ ಪ್ಲೇಟು ತೋರಿಸಿ ಅಂದ, ತೋರಿಸಿದಳು. ಛಾಸಿ ನಂಬರು ಅಂದ, ಅಶ್ವತ್ಥ ಬೆರಳಿಟ್ಟ ಜಾಗಕ್ಕೆ ಫೋನು ಹಿಡಿದಳು. ಒಳಗಿನಿಂದ ಗ್ಲಾಸು ತೋರಿಸಿ, ಕಲ್ಲು ಬಿದ್ದ ಜಾಗ ಹತ್ತಿರದಿಂದ ತೋರಿಸಿ, ಎಲ್ಲಿ ಆಯಿತು, ಯಾವಾಗ ಆಯಿತು. ಪ್ರತಿ ಮಾತಿಗೂ ಒಂದು ಮೇಡಂ. ರಸ್ತೆಯ ಆ ಬದಿಯಲ್ಲಿ ನಡೆಯುತ್ತಿದ್ದವನು ಇನ್ನೂ ಆ ಬದಿಯಲ್ಲೇ ಇದ್ದ.

“ಈಗ ಹೊರಗಿಂದ, ಎದುರಿಗೆ ನಿಂತು ಪೂರ್ತಿ ಗ್ಲಾಸು ಬರೋ ಹಂಗೆ ಹಿಡೀರಿ.”

ವ್ಯಾನಿನ ಮೂತಿ ಶೆಡ್ಡಿನ ಬಾಗಿಲಲ್ಲಿತ್ತು, ಒಳಗೆ ಕತ್ತಲು. ಲೋಹಿತಾ ಬಿಸಿಲಿನಲ್ಲಿ ನಿಂತು ಎರಡೂ ಕೈಯಲ್ಲಿ ಫೋನು ಎತ್ತಿ ಹಿಡಿದಳು. ಗ್ಲಾಸಿನಲ್ಲಿ ಅವಳೇ ಮೂಡಿದಳು, ಕೆಂಪಂಚಿನ ಸೀರೆ, ಕಿವಿಯ ಹತ್ತಿರ ನೆರೆತ ಕೂದಲು, ಭುಜದ ಮೇಲೆ ಹಾದ ಬಿರುಕು ಸಮೇತ. ಆ ಕಡೆ ಮಾತು ನಿಂತಿತು. ಫೋನು ಕಟ್ಟಾಯಿತೇನೋ ಎಂದು ಅವಳು ನೋಡಿದಳು. ಕಟ್ಟಾಗಿರಲಿಲ್ಲ.

“ಮೇಡಂ,” ಅಂದ. “ಗ್ಲಾಸಲ್ಲಿ ನಿಮ್ಮ ನೆರಳು ಬೀಳ್ತಾ ಐತೆ. ಬಿರುಕು ಸರಿಯಾಗಿ ಕಾಣಲ್ಲ. ಸ್ವಲ್ಪ ಪಕ್ಕಕ್ಕೆ ಸರೀರಿ.”

ಸರಿದಳು. ಇದಕ್ಕಾಗಿ ಸೀರೆ ಉಟ್ಟೆನಲ್ಲ ಎಂದು ತನ್ನ ಮೇಲೇ ಹೇಸಿಗೆಯಾಯಿತು. ಪಕ್ಕದಿಂದ ಹಿಡಿದ ಫೋನಿನಲ್ಲಿ ಈಗ ಬರೀ ಗ್ಲಾಸು, ಬರೀ ಬಿರುಕು. ಬಂತು, ಇನ್ನೊಂದು, ಬಂತು ಎಂದು ಅವನು ಫೋಟೋ ತೆಗೆದುಕೊಂಡ.

“ಆಯ್ತು ಮೇಡಂ. ನಾನು ರಿಪೋರ್ಟ್ ಹಾಕ್ತೀನಿ, ಕ್ಲೇಮ್ ಆಗ್ತದೆ. ಹೊಸ ಗ್ಲಾಸು ಹಾಕಿಸ್ಕೋಬಹುದು.”

“ಹ್ಞೂಂ,” ಅಂದಳು. ಫೋನು ಕಟ್ ಮಾಡಲು ಹೆಬ್ಬೆರಳು ತಂದಳು.

“ಒಂದ್ನಿಮಿಷ.” ದನಿ ತಗ್ಗಿತ್ತು. “ಮೊದ್ಲು ನಿಂತಿದ್ರಲ್ಲ, ಎದುರಿಗೆ. ಅಲ್ಲೇ ಇನ್ನೊಂದು ಸಲ ನಿಂತ್ಕೊಳ್ಳಿ.”

“ಗ್ಲಾಸು ಬಂತು ಅಂದ್ರಲ್ಲ?”

“ಗ್ಲಾಸು ಬಂತು.”

ಲೋಹಿತಾ ಮತ್ತೆ ಬಿಸಿಲಿಗೆ ಬಂದು ವ್ಯಾನಿನ ಎದುರು ನಿಂತಳು. ಈ ಸಲ ಫೋಟೋ ತೆಗೆದ ಸದ್ದು ಬರಲಿಲ್ಲ. ತಿದ್ದಿ ಇಟ್ಟುಕೊಂಡಿದ್ದ ಪ್ರಶ್ನೆ ಅವಳ ನಾಲಿಗೆಯ ತುದಿಯಲ್ಲೇ ಇತ್ತು, ರೆಕಾರ್ಡ್ ಆಗುತ್ತದೆಂದು ನುಂಗಿಕೊಂಡಳು ಎಂದರೆ ಸುಳ್ಳಾಗುತ್ತದೆ. ಕೇಳುವುದು ಬೇಡವಾಯಿತು. ಅವನು ನೋಡುತ್ತಿರುವುದು ಗ್ಲಾಸಿನೊಳಗಿನ ತನ್ನನ್ನು ಎಂದು ತಿಳಿದು, ಫೋನಿನಿಂದ ಕಣ್ಣು ಕಿತ್ತು, ಅವಳೂ ಗ್ಲಾಸಿನೊಳಗಿನ ಆ ಹೆಂಗಸಿನ ಕಣ್ಣನ್ನೇ ನೇರವಾಗಿ ನೋಡಿದಳು. ಅಲ್ಲಿ ನೋಡಿದರೆ ಅವನಿಗೆ ತಲುಪುತ್ತದೆ. ಎತ್ತಿ ಹಿಡಿದ ಕೈ ಸೋಲತೊಡಗಿತು, ಇಳಿಸಲಿಲ್ಲ.

“ಆಯ್ತು,” ಎಂದಿತು ಕೊನೆಗೆ ದನಿ, ಮೇಡಂ ಇಲ್ಲದೆ. ಫೋನು ಕಟ್ಟಾಯಿತು.

ಅಶ್ವತ್ಥ ರಬ್ಬರು ಕೀಳುವ ಸಾಮಾನು ಹಿಡಿದು ಬಂದ. “ಮುಗೀತಲ್ಲ ಅಕ್ಕ? ಈಗ ಬಿಚ್ಲಾ?”

ಲೋಹಿತಾ ಗ್ಲಾಸಿನ ಮುಂದಿನಿಂದ ಕದಲಿರಲಿಲ್ಲ. “ಒಂದು ಗಳಿಗೆ ಬುಡು ಅಶ್ವತ್ಥ,” ಅಂದಳು. “ಇನ್ನೊಂದು ಗಳಿಗೆ ಹಿಂಗೇ ಇರ್ಲಿ.”